ಬಹುಮತದ ಪಾಸ್ತಾ

ಮೊಂತೆಸೆಲ್ಲಾ ಪುರಸಭೆಯ ನೌಕರರು ಪ್ರತಿ ಗುರುವಾರ ಮಧ್ಯಾಹ್ನ ಸಸ್ಯಾಹಾರಿ ಪಾಸ್ತಾವನ್ನೇ ಉಣ್ಣತಕ್ಕದ್ದು ಎಂಬ ಆದೇಶವು ಮಾರ್ಚ್ ಒಂದರಿಂದ ಜಾರಿಗೆ ಬಂದಿರುತ್ತದೆ. ಪ್ರಮಾಣಪತ್ರವಿಲ್ಲದ ಹೋಟೆಲಿಗೆ ಆ ದಿನ ನಮ್ಮವರು ಕಾಲಿಡುವಂತಿಲ್ಲ. ಪ್ರಮಾಣಪತ್ರಕ್ಕೆ ಮೊಹರು ಒತ್ತುವವನು ನಾನು. ಊರಿನಲ್ಲಿ ಮಾಂಸ ಮುಟ್ಟದವರು ಇಬ್ಬರೇ. ಒಬ್ಬ ನಾನು, ಇನ್ನೊಬ್ಬಳು ಪುರಸಭೆಯ ಎದುರಿಗೇ ಸಣ್ಣ ಹೋಟೆಲು ನಡೆಸುವ ಎರ್ಸಿಲಿಯಾ.

ಹೋಟೆಲುಗಳನ್ನು ಪರಿಶೀಲಿಸುವ ಸಮಿತಿಯ ಅಧ್ಯಕ್ಷರು ತಾಂಕ್ರೆದಿ ಮಾಲಗೂತಿ. ಪದವಿ ಇರುವುದರಿಂದ ನಾವೆಲ್ಲ ಅವರನ್ನು ದೊತ್ತೋರೆ ಎನ್ನುತ್ತೇವೆ. ಮೊದಲ ಗುರುವಾರ ಅವರು ಚೌಕದ ದೊಡ್ಡ ಹೋಟೆಲಿಗೆ ಹೋಗಿ ರಗೂ ಎಂಬ ಗೊಜ್ಜು ಹಾಕಿದ ಪಾಸ್ತಾವನ್ನು ಎರಡು ತಟ್ಟೆ ಪರಿಶೀಲಿಸಿದರು.

"ದೊತ್ತೋರೆ, ಇದು ಮಾಂಸದ್ದಲ್ವಾ?" ಅಂದೆ.

"ಏನೇನಿದೆ ಹೇಳು ನೋಡೋಣ."

"ಈರುಳ್ಳಿ, ಕ್ಯಾರೆಟ್, ಸೆಲರಿ. ಆಮೇಲೆ ದನದ್ದು, ಹಂದೀದು."

"ತರಕಾರಿ ಮೂರು, ಮಾಂಸ ಎರಡು. ಗೆದ್ದೋರು ಯಾರಪ್ಪ?"

"ಟೊಮೆಟೊನೂ ಇದೆ."

"ಅದು ತಟಸ್ಥ. ಒತ್ತು ಮೊಹರು."

ಒತ್ತಿದೆ. ಅಂದೇ ಸಂಜೆ ನಿಯಮ ನಾಲ್ಕಕ್ಕೆ ತಿದ್ದುಪಡಿಯಾಯಿತು: "ತರಕಾರಿಗಳಿಗೆ ಸ್ಪಷ್ಟ ಬಹುಮತವಿದ್ದಲ್ಲಿ ಸದರಿ ಪಾಸ್ತಾವನ್ನು ಸಸ್ಯಾಹಾರಿ ಎಂದು ಪರಿಗಣಿಸತಕ್ಕದ್ದು." ವಾರದೊಳಗೆ ಊರಿನ ಹೋಟೆಲುಗಳೆಲ್ಲ ಅಡುಗೆಯಲ್ಲಿ ಒಂದು ಚೂರೂ ಬದಲಿಸದೆ ಸಸ್ಯಾಹಾರಿಯಾದವು.

ಎರ್ಸಿಲಿಯಾಳ ಅರ್ಜಿ ಮಾತ್ರ ತಿರಸ್ಕೃತವಾಯಿತು. ಆಕೆ ಏಪ್ರನ್ ಕೂಡ ಬಿಚ್ಚದೆ ಕಚೇರಿಗೆ ನುಗ್ಗಿದಳು.

"ಏನ್ರೀ ದೊತ್ತೋರೆ, ತಲೆ ಕೆಟ್ಟಿದೆಯಾ ನಿಮಗೆ? ನನ್ನ ಪಾಸ್ತಾಗೆ ಹಾಕೋದು ಕುಂಬಳಕಾಯಿ, ಬಟಾಣಿ. ಮಾಂಸಾನೇ ಇಲ್ಲ!"

"ಅದೇ ತೊಂದರೆ ಸಿನ್ಯೋರಾ. ಎದುರಾಳೀನೇ ಇಲ್ಲದಿದ್ರೆ ಬಹುಮತ ಎಣಿಸೋದು ಹೇಗೆ?"

"ಮಾಂಸದ ಕಾಲಂನಲ್ಲಿ ಸೊನ್ನೆ ಬರೆದಿದೀನಲ್ಲ!"

"ಸೊನ್ನೆ ಬರೆದ್ರೆ ಕಾಲಂ ಭರ್ತಿ ಆಗಿಲ್ಲ ಅಂತಲೇ ಅರ್ಥ. ಒಂದೇ ಒಂದು ಚೂರು ಹಂದಿ ಹಾಕ್ಬಿಡಿ. ಅಷ್ಟನ್ನ ಯಾರಾದ್ರೂ ಮಾಂಸ ಅಂತಾರೇನ್ರೀ?"

ಆಕೆ ನನ್ನ ಕಡೆ ತಿರುಗಿದಳು. "ನೀನಾದ್ರೂ ಬಾಯಿ ಬಿಡೋ! ಹನ್ನೊಂದು ವರ್ಷ ನನ್ನ ಕೈಯಡುಗೆ ತಿಂದಿದೀಯ. ಹೋಟೆಲು ಮುಚ್ಚಿಸ್ತೀಯಾ?"

ನನಗೆ ನಾಚಿಕೆಯಾಯಿತು. ನಾಚಿಕೆಗೆ ನಿಯಮಾವಳಿಯಲ್ಲಿ ಅವಕಾಶ ಇಲ್ಲದ ಕಾರಣ ಮೊಹರನ್ನು ಒರೆಸುತ್ತಾ ಕೂತೆ.

ಮೂರು ಗುರುವಾರ ಆಕೆಯ ಮೇಜುಗಳು ಖಾಲಿ ಬಿದ್ದಿದ್ದವು. ಹೀಗೇ ಆದರೆ ಬಾಗಿಲು ಹಾಕುವುದೇ ಗತಿ ಎಂದು ಊರೆಲ್ಲ ಮಾತಾಡಿಕೊಂಡಿತು. ನಾಲ್ಕನೆಯ ಗುರುವಾರ ಆಕೆಯಿಂದಲೇ ಸಮಿತಿಗೆ ಕರೆ ಬಂತು. ಪಾತ್ರೆಯಲ್ಲಿ ಬೆರಳುಗುರಿನಷ್ಟು ಹಂದಿಮಾಂಸ ಇತ್ತು. ದೊತ್ತೋರೆ ಫೋರ್ಕಿನಿಂದ ಕೆದಕಿ ಕೆದಕಿ ಹುಡುಕಿದರು. "ಸಿಕ್ಕಿತು!" ಅಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡಕ್ಕೆ ಒಂದರ ಬಹುಮತದಿಂದ ಪಾಸ್ತಾ ಗೆದ್ದಿತು. ಎರ್ಸಿಲಿಯಾ ಕಣ್ಣೊರೆಸಿಕೊಂಡು, "ಈರುಳ್ಳಿ" ಅಂದಳು. ಆ ಅಡುಗೆಯಲ್ಲಿ ಈರುಳ್ಳಿ ಇರಲಿಲ್ಲ.

ಈಗ ಗುರುವಾರ ಆಕೆಯ ಹೋಟೆಲು ತುಂಬಿರುತ್ತದೆ. ಎಲ್ಲರ ಊಟ ಮುಗಿದ ಮೇಲೆ ಆಕೆ, ನಾನು ಅಡುಗೆಮನೆಯ ಹಿಂಬಾಗಿಲಲ್ಲಿ ಕೂತು, ಬೇರೆ ಪಾತ್ರೆಯಲ್ಲಿ ಬೇಯಿಸಿದ ಬರೀ ಕುಂಬಳಕಾಯಿ, ಬಟಾಣಿಯ ಪಾಸ್ತಾ ತಿನ್ನುತ್ತೇವೆ.

"ಯಾರಿಗೂ ಹೇಳ್ಬೇಡ ಕಣೋ" ಅನ್ನುತ್ತಾಳೆ.

ನಾನು ಮುಚ್ಚಿಡುವವನಲ್ಲ. ನಿಯಮ ನಾಲ್ಕರ ಪ್ರಕಾರ ಸದರಿ ಊಟವು ಸಸ್ಯಾಹಾರಿ ಅಲ್ಲವೆಂದು ಷರಾ ಬರೆದು ಮೊಹರು ಒತ್ತಿದ್ದೇನೆ. ಆಕೆಯೂ ಓದಿ ಸಹಿ ಹಾಕಿದ್ದಾಳೆ.