ಅಕ್ಕನ ಫೋಟೋಗೆ ಎರಡು ಕ್ಯಾಮೆರಾ

"ಈ ಸಲ ಅಕ್ಕನ ಫೋಟೋ ತೆಗೆದೇ ತೆಗೀತೀನಿ! ಎಂಥ ಫೋಟೋ ಅಂದ್ರೆ, ನೋಡಿದವರು ಮಾತಾಡಿಸಿಬಿಡಬೇಕು, ಹಾಗಿರಬೇಕು!"

ಹೀಗೆಂದು ಹದ್ದುಗಣ್ಣ ಬೆಳಗಿನ ಕಾಫಿ ಲೋಟವನ್ನು ಮೇಜಿಗೆ ಕುಟ್ಟಿ ಘೋಷಿಸಿದ. ಹೆಂಡತಿ ಚೆಲ್ಲಿದ ಕಾಫಿ ಒರೆಸಿದಳು. ಮದುವೆಯಾದಾಗಿನಿಂದ ಅವನ ಘೋಷಣೆಗಳನ್ನೆಲ್ಲ ಒರೆಸುತ್ತ ಬಂದವಳು ಅವಳೇ.

ಹದ್ದುಗಣ್ಣ ಅನ್ನುವುದು ಬೀದಿಯವರು ಇಟ್ಟ ಹೆಸರು. ಮನೆಯ ಕೆಳಗೆ ಅವನ ಕನ್ನಡಕದಂಗಡಿ ಇತ್ತು. ಇಪ್ಪತ್ತೆಂಟು ವರ್ಷದಿಂದ ಅಲ್ಲಿ ಜನರ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುತ್ತಿದ್ದ. ತಾನು ಮಾತ್ರ ಐವತ್ತಾರು ದಾಟಿದರೂ ಕನ್ನಡಕ ಹಾಕಿದವನಲ್ಲ! "ನಂದು ಹದ್ದಿನ ಕಣ್ಣು ಸ್ವಾಮಿ" ಎಂದು ಬಂದ ಗಿರಾಕಿಗಳಿಗೆಲ್ಲ ಹೇಳಿಕೊಳ್ಳುತ್ತಿದ್ದ. ಬೆಳಿಗ್ಗೆ ಪೇಪರನ್ನು ಹೆಂಡತಿಯೇ ಗಟ್ಟಿಯಾಗಿ ಓದಬೇಕು, ಯಾಕೆಂದರೆ ಅವಳ ದನಿಯಲ್ಲಿ ಕೇಳಿದರೇನೇ ಅವನಿಗೆ ಸುದ್ದಿ ರುಚಿಸುವುದಂತೆ. ಫ್ರೇಮಿನ ಸಣ್ಣ ಸ್ಕ್ರೂ ಬಿಗಿಯುವುದೂ ಅವಳೇ, ಯಾಕೆಂದರೆ ಅವಳ ಬೆರಳು ನಯವಂತೆ. ಹೆಂಡತಿ ಇದನ್ನೆಲ್ಲ ಪ್ರೀತಿ ಎಂದು ತಿಳಿದು ವರ್ಷಗಟ್ಟಲೆ ಒಳಗೊಳಗೇ ಹಿಗ್ಗಿದ್ದಳು, ಪಾಪ.

ಇನ್ನು ಅಕ್ಕನ ವಿಷಯ. ಹದ್ದುಗಣ್ಣನಿಗೆ ನಾಲ್ಕು ವರ್ಷವಾಗಿದ್ದಾಗ ತಾಯಿ ತೀರಿಕೊಂಡಳು. ಆಗ ಹದಿನೈದರ ಅಕ್ಕ ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡವಳು, ಶಾಲೆಗೆ ಸೇರಿಸುವ ದಿನವೇ ಕೆಳಗಿಳಿಸಿದ್ದು. ಈಗ ಅವಳಿರುವ ಊರು ರೈಲಿನಲ್ಲಿ ಒಂದೂವರೆ ದಿನದ ದಾರಿ. ಇಬ್ಬರೂ ಮುಖ ನೋಡಿ ಒಂಬತ್ತು ವರ್ಷವಾಗಿತ್ತು. ಫೋನಿನಲ್ಲಿ ಅವಳು "ಯಾವಾಗ ಬರ್ತೀಯೋ ಪುಟ್ಟಾ?" ಅನ್ನುವಳು. ಇವನು "ಅಂಗಡಿ ಬಿಟ್ಟು ಹೇಗೆ ಬರ್ಲಿ ಅಕ್ಕಾ?" ಅನ್ನುವನು. ಫೋನಿಟ್ಟ ಮೇಲೆ ಅರ್ಧ ಗಂಟೆ, ಒರೆಸಿಟ್ಟ ಕನ್ನಡಕಗಳನ್ನೇ ಮತ್ತೆ ಮತ್ತೆ ಒರೆಸುತ್ತಿದ್ದ.

ಮನೆಯಲ್ಲಿ ಅಕ್ಕನದೆಂದು ಇದ್ದದ್ದು ಒಂದೇ ಫೋಟೋ, ಇವನ ಮದುವೆಯದು. ಅದರಲ್ಲೂ ಅವಳು ಯಾರನ್ನೋ ಊಟಕ್ಕೆ ಕರೆಯಲು ಆ ಕಡೆ ತಿರುಗಿಬಿಟ್ಟಿದ್ದಾಳೆ. ಕಾಣುವುದು ಒಂದು ಕಿವಿ, ಒಂದು ತುರುಬು. ಇತ್ತೀಚೆಗೆ ಅವನಿಗೊಂದು ಹೆದರಿಕೆ ಶುರುವಾಗಿತ್ತು. ಕಣ್ಣು ಮುಚ್ಚಿ ನೆನೆಸಿಕೊಂಡರೆ ಅಕ್ಕನ ದನಿ ಬರುತ್ತಿತ್ತು, ತಲೆ ಬಾಚುವ ಕೈ ಬರುತ್ತಿತ್ತು, ಮುಖ ಮಾತ್ರ ಬರುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಅಕ್ಕನೇ ಫೋನ್ ಮಾಡಿ, "ನೀನಂತೂ ಬರಲ್ಲ, ನಾನೇ ಬರ್ತೀನಿ. ಇನ್ನೈದು ತಿಂಗಳಿಗೆ. ಮೂರೇ ದಿನ" ಅಂದಿದ್ದಳು. ಕಾಫಿ ಚೆಲ್ಲಿದ್ದು ಆ ಸಂಭ್ರಮಕ್ಕೆ.

ಅದೇ ಸಂಜೆ ಗಂಡ ಹೆಂಡತಿ ಕ್ಯಾಮೆರಾ ಅಂಗಡಿಗೆ ದಂಡಯಾತ್ರೆ ಹೊರಟರು. ಅಂಗಡಿಯವನು ಇವನ ಹಳೇ ಗಿರಾಕಿ. ಗಾಜಿನ ಮೇಜಿನ ಮೇಲೆ ಎರಡು ಕ್ಯಾಮೆರಾ ತಂದಿಟ್ಟ. ಒಂದು ಮಿರರ್‌ಲೆಸ್. ಕರ್ರಗೆ, ಗಂಭೀರವಾಗಿ, ಮುಂದೆ ಮೊಳದುದ್ದ ಲೆನ್ಸ್ ಚಾಚಿಕೊಂಡು ಕೂತಿತ್ತು. ಇನ್ನೊಂದು ಕಾಂಪ್ಯಾಕ್ಟ್, ಸೋಪಿನ ಡಬ್ಬಿಯಷ್ಟಿತ್ತು.

"ಮಿರರ್‌ಲೆಸ್ ಅಂದ್ರೆ ಒಳಗೆ ಕನ್ನಡಿ ಇರಲ್ಲ ಕಣೆ," ಎಂದು ಹದ್ದುಗಣ್ಣ ವಿದ್ವತ್ತು ಮೆರೆದ.

"ಇದ್ದ ಕನ್ನಡಿ ತೆಗೆದುಹಾಕಿದ ಮೇಲೂ ಇಷ್ಟು ದಪ್ಪಾನಾ?"

"ನಿಂಗೆ ಗೊತ್ತಾಗಲ್ಲ ಬಿಡು. ಆ ಲೆನ್ಸ್ ನೋಡು! ಅಕ್ಕ ಮನಸ್ಸಲ್ಲಿ ಅಂದ್ಕೊಂಡಿದ್ದೂ ಅದರಲ್ಲಿ ಬೀಳತ್ತೆ!"

"ಈ ಚಿಕ್ಕದೇ ಸಾಕು ರೀ. ಜೇಬಲ್ಲಿ ಕೂತ್ಕೊಳತ್ತೆ. ಅತ್ತಿಗೆಗೆ ಕ್ಯಾಮೆರಾ ಕಂಡ್ರೆ ಆಗಲ್ಲ, ಮುಖ ತಿರುಗಿಸಿಬಿಡ್ತಾರೆ. ಇದಾದ್ರೆ ಅವರಿಗೆ ಗೊತ್ತಾಗೋದ್ರೊಳಗೆ ತೆಗೆದುಬಿಡಬಹುದು."

"ಸೋಪಿನ ಡಬ್ಬಿಯೊಳಗೆ ನಮ್ಮಕ್ಕನ್ನ ಹಾಕ್ತೀಯಾ?" ಹದ್ದುಗಣ್ಣ ಕೆರಳಿದ.

ಹಾಗೆಂದು ಮಿರರ್‌ಲೆಸ್ಸನ್ನೇ ತಂದನೇ? ಇಲ್ಲ! ಎತ್ತಿ ನೋಡಿದಾಗ ಕುತ್ತಿಗೆ ಹಿಡಿದುಕೊಂಡಿತು. ಕಾಂಪ್ಯಾಕ್ಟ್ ಎತ್ತಿದಾಗ ಕೈಯಲ್ಲಿ ಏನೂ ಇಲ್ಲದಂತಾಗಿ ಅವಮಾನವಾಯಿತು. ಬರಿಗೈಯಲ್ಲಿ ಮನೆಗೆ ಬಂದ. ಮರುದಿನದಿಂದ ಅಂಗಡಿಗೆ ಬಂದವರಿಗೆಲ್ಲ ಕ್ಯಾಮೆರಾ ಪುರಾಣ. ಅಂಚೆಯಾತ ಕಣ್ಣು ಪರೀಕ್ಷೆಯ ಯಂತ್ರಕ್ಕೆ ಗದ್ದ ಆನಿಸಿ ಇಪ್ಪತ್ತು ನಿಮಿಷ ಕೂತು, "ಸಾರ್, ನೀವು ಯಾವ ಕ್ಯಾಮೆರಾ ಬೇಕಾದ್ರೂ ತಗೊಳ್ಳಿ, ನನ್ನ ಗದ್ದ ವಾಪಸ್ ಕೊಡಿ" ಎಂದು ಅಂಗಲಾಚಿದ. ಗಿರಾಕಿಯ ಕಣ್ಣೆದುರು ಲೆನ್ಸ್ ಬದಲಿಸುತ್ತ "ಒಂದು ಚೆನ್ನಾಗಿದೆಯಾ, ಎರಡು ಚೆನ್ನಾಗಿದೆಯಾ?" ಎಂದು ಕೇಳುವುದು ಇವನ ಕಸುಬು. ಅವರೇನೋ "ಎರಡು" ಅನ್ನುವರು. ಇವನು ಅದನ್ನು ಕ್ಯಾಮೆರಾಕ್ಕೆ ಹಚ್ಚಿಕೊಂಡು, ಎರಡನೆಯದೆಂದರೆ ಕಾಂಪ್ಯಾಕ್ಟ್ ತಾನೆ ಎಂದು ಪೆಚ್ಚಾಗುವನು.

ನೋಡನೋಡುತ್ತ ಐದು ತಿಂಗಳು ಕಳೆಯಿತು. ಅಕ್ಕನ ರೈಲು ಆ ಕಡೆಯಿಂದ ಹೊರಟಾಗಿತ್ತು. ಈ ಕಡೆ ಕ್ಯಾಮೆರಾ ಇನ್ನೂ ಗಾಜಿನ ಮೇಜಿನ ಮೇಲೇ ಇತ್ತು! ಕೊನೆಗೆ ಅಂಗಡಿಯವನೇ ರೋಸಿಹೋಗಿ ಕೈಮುಗಿದ. "ಸಾರ್, ಎರಡನ್ನೂ ತಗೊಂಡ್ಹೋಗಿ. ಮೂರು ದಿನ ಇಟ್ಕೊಳ್ಳಿ. ಬೇಡವಾದ್ದನ್ನ ಸೋಮವಾರ ತಂದುಕೊಡಿ. ಒಂದೇ ಮಾತು, ಈ ದೊಡ್ಡದರ ಫೋಕಸ್ಸನ್ನ ಮಾತ್ರ ನೀವು ಮುಟ್ಟಬೇಡಿ. ಅದೇ ಹುಡುಕ್ಕೊಳತ್ತೆ."

ಆ ಕೊನೆಯ ಮಾತು ಹದ್ದುಗಣ್ಣನ ಎದೆಗೆ ನಾಟಿತು. ಇಪ್ಪತ್ತೆಂಟು ವರ್ಷದಿಂದ ಇಡೀ ಊರಿನ ಕಣ್ಣನ್ನೇ ಫೋಕಸ್ ಮಾಡಿ ಕೊಟ್ಟವನಿಗೆ ಒಂದು ಡಬ್ಬಿ ಫೋಕಸ್ ಹುಡುಕಿಕೊಡುವುದೇ! ಮನೆಗೆ ಬಂದವನೇ ಫೋಕಸ್ ತಾನಾಗಿ ಹುಡುಕುವ ಗುಂಡಿಯನ್ನು ತಿರುಗಿಸಿ ಆರಿಸಿ, ಫೋಕಸ್ಸಿನ ಸಕಲ ಅಧಿಕಾರವನ್ನೂ ತನ್ನ ಕೈಗೆ ತೆಗೆದುಕೊಂಡ. ಕಾಂಪ್ಯಾಕ್ಟನ್ನು ಹೆಂಡತಿಯತ್ತ ನೂಕಿ, "ಇದು ನೀನಿಟ್ಕೋ" ಅಂದ. ಅವಳು ಅದನ್ನು ಅಡುಗೆಮನೆಯ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು.

ಅಕ್ಕ ರೈಲಿನಿಂದ ಇಳಿದಳು. ಒಂಬತ್ತು ವರ್ಷದ ನಂತರ ಕಂಡ ಅಕ್ಕನ ಬಳಿ ಓಡಿಹೋಗಬೇಕೆಂದು ಅವನ ಕಾಲು ತವಕಿಸಿತು. ಆದರೆ ಹತ್ತಿರ ಹೋದರೆ ಫ್ರೇಮ್ ಕೆಡುತ್ತದಲ್ಲ! ಕ್ಯಾಮೆರಾ ಕಣ್ಣಿಗೊತ್ತಿಕೊಂಡು ಹಿಂದೆ ಹಿಂದೆ ನಡೆದ. ಸಾಮಾನಿನ ಗಾಡಿಗೆ ತಾಗಿ, ಯಾರದೋ ಪೆಟ್ಟಿಗೆಯ ಮೇಲೆ ಕೂತ.

"ಅದೇನೋ ಅದು, ಫಿರಂಗಿ? ಕೆಳಗಿಳಿಸೋ, ಜನ ನೋಡ್ತಿದಾರೆ!" ಎಂದು ಅಕ್ಕ ಕೈಚೀಲವನ್ನು ಮುಖಕ್ಕೆ ಅಡ್ಡ ಹಿಡಿದಳು. ಮೊದಲ ಫೋಟೋ ಕೈಚೀಲದ್ದಾಯಿತು.

ಮನೆಯಲ್ಲಿ ಅಕ್ಕ ಹೋದಲ್ಲೆಲ್ಲ ಫಿರಂಗಿ ಹಿಂಬಾಲಿಸಿತು. ಅವಳು ಬಟ್ಟೆ ಮಡಚಲು ಕೂತರೆ ಇವನು ನೆಲದ ಮೇಲೆ ಅಂಗಾತ ಮಲಗಿದ. ಅವಳು ಹಾಲು ಕಾಯಿಸಲು ನಿಂತರೆ ಇವನು ಸ್ಟೂಲ್ ಹತ್ತಿದ.

"ಅಕ್ಕಾ, ಸೌಟು ಹಾಗೇ ಇರ್ಲಿ! ಅಲ್ಲಾಡಬೇಡ! ಫೋಕಸ್ ಮಾಡ್ತಿದೀನಿ!"

"ಹಾಲು ಉಕ್ಕತ್ತೆ ಕಣೋ."

"ಉಕ್ಕಲಿ! ನೀನು ಅಲ್ಲಾಡಬೇಡ!"

ಹೆಂಡತಿ ಒಲೆ ಆರಿಸಲು ಓಡಿಬಂದಳು. "ಫ್ರೇಮೊಳಗೆ ಬರಬೇಡ!" ಎಂದು ಹದ್ದುಗಣ್ಣ ಮೇಲಿನಿಂದ ಗುಡುಗಿದ. ಹಾಲು ಉಕ್ಕಿ, ಒಲೆ ತೊಳೆದು, ಗೋಡೆಯ ಬುಡದವರೆಗೆ ಹರಿಯಿತು. ಅಕ್ಕ ಸೌಟು ಎತ್ತಿ ಹಿಡಿದೇ ನಿಂತಿದ್ದಳು, ಸಣ್ಣವನಿದ್ದಾಗಿನಿಂದ ಅವನ ಹಟಕ್ಕೆ ನಿಂತು ಅಭ್ಯಾಸವಲ್ಲವೇ!

"ಬಾರೋ ಪುಟ್ಟಾ, ಒಂಚೂರು ಪಕ್ಕದಲ್ಲಿ ಕೂತ್ಕೋ. ಮಾತಾಡಬೇಕು ಅಂತ ಅಷ್ಟು ದೂರದಿಂದ ಬಂದೆ," ಎಂದು ಎರಡು ಸಲ ಕರೆದಳು. ಎರಡು ಸಲವೂ ಅವನು "ಬಂದೆ ಅಕ್ಕಾ, ಇದೊಂದು" ಅಂದ. ಅವನಿಗೂ ಕೂರುವ ಆಸೆ ಗಂಟಲವರೆಗೆ ಇತ್ತು. ಆದರೆ ಅವಳು ಹೊರಟುಹೋದ ಮೇಲೆ ಏನು ಉಳಿಯುತ್ತದೆ? ಫೋಟೋ ತಾನೆ? ಮೊದಲು ಅದಾಗಲಿ, ಆಮೇಲೆ ಮಾತು ಎಂದುಕೊಳ್ಳುತ್ತ ಎರಡು ದಿನ ಕಳೆದ.

ಮೂರನೆಯ ಬೆಳಿಗ್ಗೆ ಟಿವಿಯಲ್ಲಿ ಪ್ರದರ್ಶನ. ಮುನ್ನೂರ ನಲವತ್ತು ಫೋಟೋ! ಹದ್ದುಗಣ್ಣ ಎದೆಯುಬ್ಬಿಸಿ ಮೊದಲನೆಯದನ್ನು ಹಾಕಿದ. ಇಬ್ಬರು ಹೆಂಗಸರೂ ಪಿಳಿಪಿಳಿ ಕಣ್ಣು ಬಿಟ್ಟರು.

"ಏನೋ ಇದು? ಆವಿ ಹಿಡಿದ ಗಾಜಿನ ಹಿಂದೆ ಕೂತ ಹಾಗಿದೀನಲ್ಲ?" ಅಂದಳು ಅಕ್ಕ.

"ರೀ, ಇದು ಅತ್ತಿಗೇನಾ, ಕಿಟಕಿ ಪರದೇನಾ?"

"ತಮಾಷೆ ಮಾಡಬೇಡಿ! ಎಷ್ಟು ಸ್ಪಷ್ಟವಾಗಿದೆ! ನನ್ನ ಕಣ್ಣಿಗೆ ನೀವಿಬ್ಬರೂ ಹೇಗೆ ಕಾಣ್ತಿದೀರೋ ಹಾಗೇ ಇದೆ!"

ಅವನು ಹೇಳಿದ್ದು ಸತ್ಯವೇ. ಅವನ ಕಣ್ಣಿಗೆ ಅವರಿಬ್ಬರೂ ಹಾಗೆಯೇ ಕಾಣುತ್ತಿದ್ದರು! ಆದರೆ ಅದು ಆಗ ಯಾರಿಗೂ ಹೊಳೆಯಲಿಲ್ಲ. ಮುನ್ನೂರ ನಲವತ್ತೂ ಮುಗಿಯುವ ಹೊತ್ತಿಗೆ ಹದ್ದುಗಣ್ಣ ಒಂದು ತೀರ್ಮಾನಕ್ಕೆ ಬಂದ. ಇಬ್ಬರಿಗೂ ಕಣ್ಣು ಹೋಗಿದೆ!

"ಏಳಿ ಇಬ್ಬರೂ! ಕೆಳಗೆ ನಡೀರಿ! ಇವತ್ತೇ ಕನ್ನಡಕ ಮಾಡಿಕೊಡ್ತೀನಿ."

"ಮಧ್ಯಾಹ್ನ ನನ್ನ ರೈಲು ಕಣೋ."

"ಅಷ್ಟರೊಳಗೆ ಆಗತ್ತೆ ಅಕ್ಕಾ. ಇಂಥ ಕಣ್ಣಿಟ್ಕೊಂಡು ನಿನ್ನನ್ನ ರೈಲು ಹತ್ತಿಸಲ್ಲ!"

ಅಂಗಡಿಯ ಒಳಕೋಣೆಯ ಗೋಡೆಗೆ ಅಕ್ಷರದ ಹಲಗೆ ತೂಗುಹಾಕಿತ್ತು, ಮೇಲೆ ದೊಡ್ಡಕ್ಷರ, ಕೆಳಗಿಳಿದಂತೆ ಚಿಕ್ಕದು. ಎದುರಿಗೆ ಕುರ್ಚಿ. ಅಕ್ಕನನ್ನು ಕೂರಿಸಿದ. ಅಕ್ಕ ಮೇಲಿನಿಂದ ಕೊನೆಯ ಸಾಲಿನವರೆಗೆ ಸರಾಗ ಓದಿದಳು. ಹೆಂಡತಿಯನ್ನು ಕೂರಿಸಿದ. ಅವಳು ಓದಿದ್ದಷ್ಟೇ ಅಲ್ಲ, ಕೆಳಗೆ ಮೂಲೆಯಲ್ಲಿದ್ದ ಛಾಪಾಖಾನೆಯ ವಿಳಾಸವನ್ನೂ ಹೇಳಿದಳು. ಅಲ್ಲೊಂದು ವಿಳಾಸವಿದೆ ಎಂಬುದು ಹದ್ದುಗಣ್ಣನಿಗೆ ಗೊತ್ತೇ ಇರಲಿಲ್ಲ!

"ಹಾಗಾದ್ರೆ ಕ್ಯಾಮೆರಾನೇ ಕೆಟ್ಟಿದೆ," ಅಂದ.

ಹೆಂಡತಿ ಅವನನ್ನೇ ಒಂದು ಗಳಿಗೆ ನೋಡಿದಳು. ಪೇಪರ್, ಸ್ಕ್ರೂ, ಎಲ್ಲ ಒಂದೊಂದಾಗಿ ಅವಳ ತಲೆಗೆ ಹೊಳೆಯುತ್ತಿತ್ತೋ ಏನೋ.

"ನೀವೂ ಒಂದ್ಸಲ ಕೂತ್ಕೊಳ್ಳಿ ರೀ."

"ನಾನಾ!" ಹದ್ದುಗಣ್ಣ ಗಹಗಹಿಸಿದ. ಕುರ್ಚಿಯಲ್ಲಿ ಕೂತು ಅಕ್ಕನ ಕಡೆ ತಿರುಗಿ, ಹದ್ದಿನ ದೃಷ್ಟಿಯ ಮಹಿಮೆಯ ಕುರಿತು ಒಂದು ಪುಟ್ಟ ಭಾಷಣ ಬಿಗಿದ. ಅಷ್ಟರಲ್ಲಿ ಹೆಂಡತಿ ಸದ್ದಿಲ್ಲದೆ ಹಲಗೆಯನ್ನು ಮೊಳೆಯಿಂದ ತೆಗೆದು ಹಿಂದುಮುಂದು ಮಾಡಿ ನೇತುಹಾಕಿದಳು. ಅದರ ಹಿಂದಿನ ಮಗ್ಗುಲಲ್ಲಿ ಓದು ಬಾರದ ಪುಟ್ಟ ಮಕ್ಕಳಿಗೆಂದು ಚಿತ್ರಗಳಿದ್ದವು.

"ಮೇಲಿನ ಸಾಲುಗಳೆಲ್ಲ ನಿಮ್ಮಂಥವರಿಗೆ. ನಾನು ಸೀದಾ ಕೊನೇ ಸಾಲಿಗೇ ಬರ್ತೀನಿ!" ಎಂದು ಒಂದು ಕಣ್ಣಿಗೆ ಅಂಗೈ ಮುಚ್ಚಿ, ಹಲಗೆಯ ಕಡೆ ಠೀವಿಯಿಂದ ಮುಖ ಮಾಡಿ, ಉಸಿರು ಬಿಡದೆ ಒಪ್ಪಿಸಿದ. "ರ, ತ, ಘ, ನ, ಡ, ಪ, ಮ, ಯ! ಆಯ್ತಾ? ಇನ್ನೊಂದು ಕಣ್ಣಿಂದಾನೂ ಓದ್ಲಾ?"

ಹೆಂಗಸರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಲೋ ಪುಟ್ಟಾ," ಅಕ್ಕ ಸೆರಗನ್ನು ಬಾಯಿಗೊತ್ತಿಕೊಂಡಳು, "ಅಲ್ಲಿರೋದು ಬಾತುಕೋಳಿ ಕಣೋ!"

ಇಪ್ಪತ್ತೆಂಟು ವರ್ಷ ದಿನಕ್ಕೆ ಹತ್ತು ಸಲ ಆ ಸಾಲನ್ನು ಗಿರಾಕಿಗಳ ಬಾಯಲ್ಲಿ ಕೇಳಿದವನಿಗೆ ಅದು ಕಂಠಪಾಠವಾಗದೆ ಇರುತ್ತದೆಯೇ! ತನ್ನ ಕಣ್ಣು ಸರಿಯಿದೆಯೇ ಎಂದು ನೋಡಿಕೊಂಡಾಗಲೆಲ್ಲ ಬಾಯಿ ಓದಿತ್ತು, ಕಣ್ಣು ಸುಮ್ಮನಿತ್ತು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಗೋಡೆಗೆ ಒರಗಿ ನಕ್ಕಳು. ಕ್ಯಾಮೆರಾ, ನಾಚಿಕೆ ಎಲ್ಲ ಮರೆತು ಬಾಯ್ತುಂಬ ನಕ್ಕಳು. ಹೆಂಡತಿಯೂ ನಗುತ್ತಲೇ ಏಪ್ರನ್ನಿನ ಜೇಬಿನಿಂದ ಸೋಪಿನ ಡಬ್ಬಿ ತೆಗೆದು ಒಮ್ಮೆ ಒತ್ತಿ, ಮತ್ತೆ ಜೇಬಿಗೆ ಹಾಕಿಕೊಂಡಳು.

ಆಮೇಲೆ ಪರೀಕ್ಷೆಯ ದುಂಡು ಫ್ರೇಮನ್ನು ಗಂಡನ ಮೂಗಿಗೇರಿಸಿ ಒಂದೊಂದೇ ಗಾಜು ಹಾಕುತ್ತ ಹೋದಳು. ಮೂರನೆಯ ಗಾಜಿಗೆ ಹದ್ದುಗಣ್ಣ ಅವಳ ಕೈ ಹಿಡಿದು ನಿಲ್ಲಿಸಿದ. ಎದುರಿಗೆ ಅಕ್ಕ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದಳು. ತಲೆ ಪೂರಾ ಬೆಳ್ಳಗಾಗಿತ್ತು. ಕೆನ್ನೆ ಒಳಗೆ ಹೋಗಿತ್ತು. ಎಡಗಡೆಯ ಒಂದು ಹಲ್ಲು ಇರಲಿಲ್ಲ. ಎರಡು ದಿನ ಹಗಲಿಡೀ ಅವಳನ್ನೇ ನೋಡಿದವನು ಇದೊಂದನ್ನೂ ನೋಡಿರಲಿಲ್ಲ. ಅವನಿಗೆ ಅಳು ಬಂತು.

"ಅಕ್ಕಾ... ನಿಂಗೆ ಯಾವಾಗ ಇಷ್ಟು ವಯಸ್ಸಾಯ್ತು?"

"ನೀನು ಅಂಗಡಿ ನೋಡ್ಕೊಳ್ತಿದ್ಯಲ್ಲ, ಆವಾಗ," ಎಂದು ಅಕ್ಕ ಅವನ ತಲೆ ಸವರಿದಳು.

ಮಧ್ಯಾಹ್ನದವರೆಗೆ ಅವನು ಆ ದುಂಡು ಫ್ರೇಮನ್ನು ತೆಗೆಯಲಿಲ್ಲ, ಅಕ್ಕನ ಪಕ್ಕದಿಂದ ಏಳಲೂ ಇಲ್ಲ. ಸ್ಟೇಷನ್ನಿಗೂ ಹಾಗೆಯೇ ಹೋದ. ಜನ ನಕ್ಕರು. ರೈಲು ಹೊರಟ ಮೇಲೂ ಬಹಳ ಹೊತ್ತು ನಿಂತು ನೋಡಿದ, ಈಗ ದೂರದವರೆಗೂ ಕಾಣುತ್ತಿತ್ತಲ್ಲ.

ಸೋಮವಾರ ಮಿರರ್‌ಲೆಸ್ಸನ್ನು ವಾಪಸ್ ಕೊಟ್ಟ. ಕೊಡುವ ಮುನ್ನ ಅದರ ಲೆನ್ಸನ್ನು ಒಂದು ಸಲ ಸವರಿದ್ದು ನಿಜ. ಕಾಂಪ್ಯಾಕ್ಟ್ ಮನೆಯಲ್ಲೇ ಉಳಿಯಿತು. ಮೂರು ದಿನದಲ್ಲಿ ಅದು ತೆಗೆದಿದ್ದ ಒಂದೇ ಒಂದು ಫೋಟೋ ದೊಡ್ಡದಾಗಿ ಗೋಡೆಗೇರಿತು. ಅದರಲ್ಲಿ ಅಕ್ಕ ನಗುತ್ತಿದ್ದಾಳೆ, ಮುಖ ಪೂರ್ತಿ ಇದೆ. ಮುಂದಿನ ಭಾನುವಾರ ಅದರ ಕೆಳಗೆ ಕೂತು ಹದ್ದುಗಣ್ಣ ಅಕ್ಕನ ಫೋನ್ ಎತ್ತಿಕೊಂಡ.

"ಕನ್ನಡಕ ಹಾಕ್ಕೊಂಡಿದೀಯೇನೋ?"

"ಹಾಕ್ಕೊಂಡಿದೀನಿ ಅಕ್ಕಾ. ನಿನ್ನ ಫೋಟೋನೇ ನೋಡ್ತಿದೀನಿ."

"ಚೆನ್ನಾಗಿ ಕಾಣತ್ತಾ?"

"ಎಲ್ಲಾ ಕಾಣತ್ತೆ!"

"ಹಾಗಾದ್ರೆ ಇನ್ನು ನಮ್ಮನೆ ದಾರೀನೂ ಕಾಣತ್ತೆ. ಗುರುವಾರ ಹೊರಟು ಬಾ."

"ಅಲ್ಲಾ ಅಕ್ಕಾ, ಅಂಗಡಿ..." ಎಂದು ಹದ್ದುಗಣ್ಣ ಬಾಯಿ ತೆರೆದ. ಎದುರಿಗೆ ಹೆಂಡತಿ, ಅಂಗಡಿಯ ಬಾಗಿಲಿಗೆ ತೂಗುಹಾಕಲು ಬರೆದಿದ್ದ ದೊಡ್ಡ ರಟ್ಟೊಂದನ್ನು ಎದೆಗೆ ಹಿಡಿದು ನಿಂತಿದ್ದಳು. ಮಸಿ ಇನ್ನೂ ಆರಿರಲಿಲ್ಲ.

"ಓದಿ," ಅಂದಳು.

ಹದ್ದುಗಣ್ಣ ಕನ್ನಡಕ ಸರಿಮಾಡಿಕೊಂಡ. ಇದು ಕಂಠಪಾಠವಿರಲಿಲ್ಲ. ಫೋನಿನಲ್ಲಿ ಅಕ್ಕನಿಗೂ ಕೇಳಿಸುವಂತೆ, ಒಂದೊಂದೇ ಅಕ್ಷರವನ್ನು ಬಿಡಿಸಿ ಓದಿದ:

"ಒಂದು ವಾರ ಅಂಗಡಿಗೆ ರಜೆ."