ಖಾನಾಪುರದ ರಸ್ತೆಯಲ್ಲಿ ಒಂದು ಕುಂಯ್

ಆ ಸದ್ದು ಕಾರಿಗೆ ಆಂಪ್ಲಿಫೈಯರ್ ಹಾಕಿಸುವ ಮೊದಲೇ ಕೇಳಿಸಿತ್ತೋ, ಹಾಕಿಸಿದ ಮೇಲೆ ಕೇಳಿಸಿತೋ, ನನಗೆ ಈಗಲೂ ಖಾತ್ರಿಯಿಲ್ಲ. ಇದನ್ನು ಬರೆಯುವಾಗಲೂ ಸಿಟ್ಟು ಬರುತ್ತಿದೆ. ನಾನು ಭೌತಶಾಸ್ತ್ರ ಓದಿದವನು. ಮಚ್ಛೆಯ ಒಂದು ಕಾರ್ಖಾನೆಯಲ್ಲಿ ಎರಕ ಹೊಯ್ದು ಬಂದ ಬಿಡಿಭಾಗಗಳನ್ನು ತಿರುಗಿಸಿ ಮುರುಗಿಸಿ ನೋಡಿ, 'ಇದು ನಡೆಯೋದಿಲ್ಲ' ಎಂದು ಪಕ್ಕಕ್ಕಿಡುವುದೇ ನನ್ನ ಉದ್ಯೋಗ. ಪುರಾವೆಯಿಲ್ಲದೆ ಯಾರ ಮಾತನ್ನೂ ನಂಬಬಾರದೆಂದು ವಿಶ್ವವಿದ್ಯಾಲಯ ಕಲಿಸಿತು. ಆ 'ಯಾರ' ಎಂಬುದರಲ್ಲಿ ನಾನೂ ಸೇರುತ್ತೇನೆಂದು ವಯಸ್ಸು ಕಲಿಸುತ್ತಿದೆ. ಬೆಳಗಾವಿಯ ಹಿಂದವಾಡಿಯ ನಮ್ಮ ಮನೆಗೆ ಕೀಲಿ ಹಾಕಿದೆನೋ ಇಲ್ಲವೋ ಎಂದು ಮೂರನೇ ರೈಲ್ವೆ ಗೇಟಿನಿಂದ ತಿರುಗಿ ಬಂದಿದ್ದೇನೆ. ಕೀಲಿ ಹಾಕಿತ್ತು. ಮತ್ತೆ ಹೊರಟು ಅದೇ ಗೇಟಿಗೆ ಬಂದಾಗ, ನೋಡುವುದಕ್ಕೆಂದು ತೆಗೆದ ಕೀಲಿಯನ್ನು ತಿರುಗಿ ಹಾಕಿದೆನೋ ಇಲ್ಲವೋ ಎಂಬ ಹೊಸ ಅನುಮಾನ. "ನಿಮ್ಮ ನೆನಪಿಗಿಂತ ನಮ್ಮ ಮಿಕ್ಸರ್ ಗ್ಯಾರಂಟಿನ ಭಾಳ ದಿನ ಬಂತ ನೋಡ್ರಿ" ಎಂದು ನನ್ನ ಹೆಂಡತಿ ಶೈಲಾ ಹೇಳುತ್ತಾಳೆ. ಮಿಕ್ಸರ್ ತಂದಿದ್ದು ಯಾವಾಗ ಎಂಬುದೇ ನೆನಪಿಲ್ಲದ್ದರಿಂದ ನಾನು ವಾದಿಸುವುದಿಲ್ಲ.

ಭಾನುವಾರ ಭಾನುವಾರ ನಾವು ಖಾನಾಪುರಕ್ಕೆ ಹೋಗುತ್ತೇವೆ. ಶೈಲಾಳ ತವರು ಅಲ್ಲಿದೆ. ದಾರಿಯಲ್ಲಿ ಖಯಾಲ್ ಕೇಳುವುದು ನನ್ನ ಒಂದೇ ಐಷಾರಾಮ. ಕಾರಿನ ಜೊತೆ ಬಂದ ಡೆಕ್ಕಿನಲ್ಲಿ ತಂಬೂರಿಯೂ ತಗಡಿನ ಡಬ್ಬಿಯ ಹಾಗೆ ಕೇಳುತ್ತಿತ್ತು. ಅದಕ್ಕೇ ಪರಶುರಾಮನ ಕೈಯಿಂದ ಆಂಪ್ಲಿಫೈಯರ್ ಹಾಕಿಸಿದೆ. ಪರಶುರಾಮ ನನ್ನ ಕಾಲೇಜು ದಿನಗಳ ಗೆಳೆಯ. ಮನೆಮಾತು ಮರಾಠಿ, ಜಗಳದ ಮಾತು ಕನ್ನಡ. ಖಾನಾಪುರದ ಸ್ಟೇಶನ್ ರಸ್ತೆಯಲ್ಲಿ ಕಾರು, ಟೆಂಪೊಗಳಿಗೆ ಸ್ಪೀಕರ್ ಹಾಕುವ ಅಂಗಡಿ ಇಟ್ಟಿದ್ದಾನೆ. ಹಾಕಿಸಿಕೊಂಡು ಇಬ್ಬರೂ ಬೆಳಗಾವಿ ಕಡೆ ಹೊರಟೆವು. ಗವಾಯಿ ಷಡ್ಜ ಹಿಡಿದು ನಿಂತರು. ಅವರ ಹಿಂದೆ ಇನ್ನೊಬ್ಬ ಯಾರೋ, ಸೊಳ್ಳೆಯ ಗಂಟಲಿನವನು, 'ಕುಂಯ್' ಎಂದು ದನಿಗೂಡಿಸಿದ. ನಾನು ಆಕ್ಸಿಲರೇಟರ್ ಒತ್ತಿದರೆ ಅವನು ಏರುತ್ತಾನೆ, ಗೇರು ಬದಲಿಸಿದರೆ ಇಳಿಯುತ್ತಾನೆ. ಗವಾಯಿ ವಿಲಂಬಿತದಲ್ಲಿದ್ದರೆ ಇವನು ನನ್ನ ಬಲಗಾಲಿನ ತಾಳದಲ್ಲಿ. ಎದುರಿಗೆ ಎಮ್ಮೆ ಬಂತೆಂದು ನಿಧಾನಿಸಿದರೆ ಮಂದ್ರಕ್ಕೆ ಜಾರಿ ನರಳುತ್ತಾನೆ.

"ಕುಂಯ್ ಅನ್ನಾಕತ್ತೈತಲ್ಲ, ಕೇಳಸ್ತೇನ?" ಎಂದೆ ಶೈಲಾಳಿಗೆ.

"ನೀವ ಮಾತಾಡೂದ ನಿಂದರಿಸಿದ್ರ ಕೇಳಸ್ತೈತಿ" ಎಂದಳು.

ಮುಂದಿನ ಭಾನುವಾರ ನೇರವಾಗಿ ಅವನ ಅಂಗಡಿಗೆ ಹೋದೆ. ಗಿರಾಕಿಗಳು ನಿಂತಿದ್ದರು. ನಾನು ಸದ್ದಿನ ವಿಷಯ ತೆಗೆದೆ. ಪರಶುರಾಮ ತಂತಿ ಸುತ್ತುವುದನ್ನು ಬಿಡದೆ, "ಅದ ಮೊದಲ ಇತ್ತಲ್ಲೋ ಮಹಾಂತ್ಯಾ. ಹಾಕಸಾಕ ಬಂದಾಗ ನೀನ ಹೇಳಿದ್ದಿ, ಡೆಕ್ಕಿನ್ಯಾಗ ಸಣ್ಣಗ ಏನೋ ಕೇಳಸ್ತೈತಿ ಅಂತ" ಎಂದ. ನಾನು ಹಾಗೆ ಹೇಳಿದ್ದೆನೆ? ನೆನಪಿಲ್ಲ. ಹೇಳಿಲ್ಲವೆಂದೂ ನೆನಪಿಲ್ಲ. ನೆನಪಿಲ್ಲದ ಮನುಷ್ಯನಿಗೆ ಬರುವ ಸಿಟ್ಟಿಗೆ ತಳವಿರುವುದಿಲ್ಲ. ಅಷ್ಟು ಜನರ ಮುಂದೆ, "ಅರ್ಥಿಂಗ್ ಅಂದ್ರೇನಂತ ಗೊತ್ತಿಲ್ಲದವ ಅಂಗಡಿ ತಗದಾನ. ಇವನ ಕೈಲೆ ಯಾರೂ ಕೆಲಸ ಮಾಡಸಬ್ಯಾಡ್ರಿ!" ಎಂದು ಒದರಿ ಕಾರು ಹತ್ತಿದೆ. ಈ ಮಾತು ಮಾತ್ರ ಅಕ್ಷರ ಅಕ್ಷರ ನೆನಪಿದೆ.

ಖಾನಾಪುರ ಸಣ್ಣ ಊರು. ನಾವು ಮಲಪ್ರಭೆಯ ಸೇತುವೆ ದಾಟುವ ಮೊದಲೇ ನನ್ನ ಮಾತು ಅತ್ತೆಯ ಮನೆ ಮುಟ್ಟಿ, ಚಹಾ ಕುಡಿದು ಕುಳಿತಿತ್ತು. ಆಮೇಲಿನ ದಿನಗಳಲ್ಲಿ ಬಂದ ಸುದ್ದಿ ಇನ್ನೂ ಕೆಟ್ಟದ್ದು. ಪರಶುರಾಮನ ಕಡೆ ಸ್ಪೀಕರ್ ಹಾಕಿಸಬೇಕೆಂದಿದ್ದ ಜಾಂಬೋಟಿಯ ಜೀಪಿನವನು ಬೆಳಗಾವಿಗೆ ಹೋದನಂತೆ. ಮತ್ತೊಬ್ಬ ಹೇಳಿಟ್ಟ ಕೆಲಸ ಬೇಡವೆಂದನಂತೆ. "ಎಮ್ಮೆಸ್ಸಿ ಮಾಡಿದವರ ಹೇಳ್ಯಾರ ಅಂದ್ಮ್ಯಾಲ ಖರೇನ ಇರ್ತೈತಿ" ಎಂದು ಜನ ಆಡಿಕೊಂಡರಂತೆ. ಕಾರ್ಖಾನೆಯಲ್ಲಿ ನನ್ನ ಪದವಿಗೆ ಯಾರೂ ಕವಡೆಯ ಕಿಮ್ಮತ್ತು ಕೊಡುವುದಿಲ್ಲ. ಅದಕ್ಕೆ ಬೆಲೆ ಬಂದದ್ದು ಗೆಳೆಯನ ಅಂಗಡಿ ಮುಚ್ಚಿಸುವುದಕ್ಕೆ. ಪರಶುರಾಮನ ಹೆಂಡತಿ ಶೈಲಾಳಿಗೆ ಫೋನು ಮಾಡಿ ಬೈಯಲಿಲ್ಲ, ಅತ್ತಳು. ಬೈದಿದ್ದರೆ ನನಗೆ ಅನುಕೂಲವಿತ್ತು.

"ಹೋಗಿ ಹೇಳ್ರಿ, ಸದ್ದು ಮೊದಲ ಇತ್ತು ಅಂತ" ಎಂದಳು ಶೈಲಾ.

"ಇತ್ತೋ ಇಲ್ಲೋ ಗೊತ್ತಿಲ್ಲಲ್ಲ. ಗೊತ್ತಿಲ್ಲದ್ದನ್ನ ಹೆಂಗ ಹೇಳ್ಲಿ?"

"ಅರ್ಥಿಂಗ್ ಗೊತ್ತಿಲ್ಲ ಅಂತ ಒದರಿದಾಗ ಗೊತ್ತಿತ್ತೇನ?"

ಇಂಥ ಪ್ರಶ್ನೆಗಳಿಗೆ ವಿಶ್ವವಿದ್ಯಾಲಯದಲ್ಲಿ ತರಬೇತಿಯಿಲ್ಲ. ಭಾನುವಾರ ಬರುವವರೆಗೂ ಕಾರ್ಖಾನೆಯಲ್ಲಿ ಒಳ್ಳೆಯ ಬಿಡಿಭಾಗಗಳನ್ನೂ ಪಕ್ಕಕ್ಕಿಟ್ಟೆ ಎಂದು ಮೇಲ್ವಿಚಾರಕರು ಗೊಣಗಿದರು. ಕಡೆಗೆ, ಪರೀಕ್ಷೆ ಮಾಡಿ ನೋಡುವುದೊಂದೇ ದಾರಿ ಎಂದು ಹೊರಟೆ.

ಅಂಗಡಿಯ ಮುಂದೆ ಕಾರು ನಿಲ್ಲಿಸಿದಾಗ ಪರಶುರಾಮ ಬೆನ್ನು ತಿರುಗಿಸಿದ. "ಕಾಯ್ ರೇ ಸೈಂಟಿಸ್ಟ್, ಇವತ್ತ ಮೈಕ್ ತಂದಿ ಏನ? ಹೋದ ಸಲ ಹಿಂದಿನ ಗಲ್ಲಿಯವರಿಗೆ ಸರಿ ಕೇಳಿಲ್ಲಂತ."

"ಪಾನಾ, ಸ್ಕ್ರೂಡ್ರೈವರ್ ತಗಿ. ಒಂದೊಂದ ಬಿಚ್ಚಿ ನೋಡೂಣು. ತಪ್ಪ ನಿಂದಾದ್ರ ನೀ ಒಪ್ಪು, ನಂದಾದ್ರ ನಾ ಒಪ್ಪತೀನಿ."

"ಎಲ್ಲಾರ ಮುಂದ?"

"ಎಲ್ಲಾರ ಮುಂದ."

ಇಂಜಿನ್ ಚಾಲೂ ಇಟ್ಟು ಕೆಲಸ ಶುರುವಾಯಿತು. ಅವನು ಡಿಕ್ಕಿ ತೆಗೆದು, ಡೆಕ್ಕಿನಿಂದ ಆಂಪಿಗೆ ಬರುವ ಸಿಗ್ನಲ್ ತಂತಿಯನ್ನು ಕಿತ್ತ. ಕುಂಯ್ ನಿಂತಿತು. "ನೋಡು. ನನ್ನ ಆಂಪ್ ಬಾಯಿ ಮುಚ್ಚಿಕೊಂಡ ಕುಂತೈತಿ. ಮುಂದಿಂದ ಬರೂದನ್ನಷ್ಟ ದೊಡ್ಡದ ಮಾಡತೈತಿ." ಹಾಗಾದರೆ ಆ ಸಿಗ್ನಲ್ ತಂತಿಯನ್ನು ಬ್ಯಾಟರಿ ತಂತಿಯ ಮಗ್ಗುಲಲ್ಲೇ ಎಳೆದಿದ್ದೀ, ಅಲ್ಲಿಂದ ಸದ್ದು ಹತ್ತಿಕೊಂಡಿದೆ ಎಂದೆ. ಇಲ್ಲ, ಅದು ಎಡಕ್ಕೆ, ಇದು ಬಲಕ್ಕೆ ಎಂದ. ಪುರಾವೆ ಕೇಳಿದೆ. ಅವನು ಹೊಸ ತಂತಿಯೊಂದನ್ನು ಸೀಟುಗಳ ಮೇಲಿಂದ, ಮುಂದೆ ಕುಳಿತಿದ್ದ ಶೈಲಾಳ ತೊಡೆಯ ಮೇಲಿಂದ ಎಳೆದು ಜೋಡಿಸಿದ. ಕುಂಯ್ ಹಾಗೆಯೇ ಇತ್ತು. ಆಂಪಿನ ಅರ್ಥಿಂಗ್ ನೋಡಬೇಕೆಂದೆ. ಹಿಂದಿನ ಸೀಟು ಎತ್ತಿ ತೋರಿಸಿದ. ಬಣ್ಣ ಕೆರೆದು, ಬರೀ ತಗಡಿಗೆ ಬೋಲ್ಟು ಬಿಗಿದಿತ್ತು. ಕಾರ್ಖಾನೆಯಲ್ಲಾಗಿದ್ದರೆ ನಾನೇ ಪಾಸು ಮಾಡುತ್ತಿದ್ದೆ. ಅದು ಮತ್ತಷ್ಟು ಸಿಟ್ಟು ತರಿಸಿತು.

"ಆಂಪ್ ಪೂರಾ ತಗಿ. ಸ್ಪೀಕರ್ ಸೀದಾ ಡೆಕ್ಕಿಗೆ ಹಚ್ಚು" ಎಂದೆ. ಗೊಣಗುತ್ತ ಹಚ್ಚಿದ. ಹಾಡು ನಿಲ್ಲಿಸಿ, ವಾಲ್ಯೂಮ್ ಪೂರ್ತಿ ಏರಿಸಿ, ಇಬ್ಬರೂ ಒಂದೊಂದು ಬಾಗಿಲಿನ ಸ್ಪೀಕರಿಗೆ ಕಿವಿಯೊತ್ತಿದೆವು. ಇತ್ತು. ಬಲು ಸಣ್ಣಗೆ, ದೂರದಲ್ಲಿ ಯಾರೋ ಹಲ್ಲು ಕಚ್ಚಿ ಅಳುತ್ತಿರುವ ಹಾಗೆ.

"ನೋಡು!" ಎಂದು ಇಬ್ಬರೂ ಒಟ್ಟಿಗೇ ಕೂಗಿದೆವು. ಸದ್ದು ಇನ್ನೂ ಇದೆಯೆಂದು ನಾನು, ಆಂಪಿಲ್ಲದೆಯೂ ಇದೆಯೆಂದು ಅವನು. ಗೆದ್ದವರು ಯಾರೆಂದು ನನಗೆ ತಿಳಿಯುವ ಮೊದಲೇ ಶೈಲಾಳ ಮುಖ ನೋಡಿ ತಿಳಿಯಿತು.

ಇಬ್ಬರೂ ಸೇರಿ ಡೆಕ್ಕನ್ನೇ ಹೊರಗೆಳೆದೆವು. ಅದರ ಅರ್ಥಿಂಗ್ ತಂತಿಯನ್ನು ನಡುವೆ ಕತ್ತರಿಸಿ, ಇನ್ನೊಂದು ತೆಳ್ಳನೆಯ ತಂತಿಯ ಜೊತೆ ಕೈಯಿಂದ ಹೊಸೆದು, ಮೇಲೆ ಕರಿ ಟೇಪು ಸುತ್ತಿದ್ದರು. ಟೇಪು ಮುಟ್ಟಿದರೆ ಬಿಚ್ಚಿಕೊಂಡಿತು. ತೆಳ್ಳನೆಯ ತಂತಿಯನ್ನು ಹಿಡಿದುಕೊಂಡು ಮೇಲಕ್ಕೆ ಹೋದರೆ ಡ್ಯಾಶ್‌ಬೋರ್ಡಿನ ಮೇಲಿನ ನಂದಿ ಸಿಕ್ಕಿತು. ಗಾಜಿನ ಪೆಟ್ಟಿಗೆಯಲ್ಲಿ ಕುಳಿತು, ಹಸಿರು, ನೀಲಿ, ಕೆಂಪು ಬೆಳಕು ಬದಲಿಸುವ ನಂದಿ. ಅಳಿಯ ದೇವರಿಗೆ ಕೈ ಮುಗಿಯದಿದ್ದರೂ ಕಾರಾದರೂ ಸುರಕ್ಷಿತವಾಗಿರಲಿ ಎಂದು ನನ್ನ ಅತ್ತೆ ಕೊಟ್ಟದ್ದು; ಹಿಂದೆಂದೋ ರವಿವಾರ ಪೇಟೆಯಿಂದ ಬರುವಾಗ ಯಾವುದೋ ಅಂಗಡಿಯವನು ಕೂಡಿಸಿಕೊಟ್ಟಿದ್ದ. ಆ ಸಡಿಲ ಗಂಟಿನಿಂದಾಗಿ ಡೆಕ್ಕಿಗೆ ಸರಿಯಾದ ಅರ್ಥಿಂಗ್ ಇಲ್ಲದೆ, ಇಂಜಿನ್ನಿನ ಜೊತೆ ತಿರುಗಿ ಬ್ಯಾಟರಿ ತುಂಬುವ ಆಲ್ಟರ್ನೇಟರಿನ ಸದ್ದು ಹಾಡಿನೊಳಗೆ ನುಸುಳುತ್ತಿತ್ತು.

ಒಬ್ಬ ಸಂದೇಹವಾದಿಯ ಬಾಳಿನಲ್ಲಿ ಇಂಥ ಗಳಿಗೆ ಮತ್ತೆ ಬರುವುದಿಲ್ಲ. "ನೋಡಿದೇನ? ನಿಮ್ಮವ್ವನ ದೇವರ..." ಎಂದು ಶೈಲಾಳ ಕಡೆ ತಿರುಗಿ ಬಾಯಿ ತೆಗೆದೆ.

"ದೇವರಿಗೆ ಯಾಕ ಬೈತೀರಿ? ಅಂವ ಸುಮ್ನ ಕುಂತಾನ. ಗಂಟ ಹಾಕಿದವರಿಗೆ ಬೈರಿ" ಎಂದಳು ಶೈಲಾ. "ಅದೂ ಆಮ್ಯಾಲ. ಮೊದಲ ಹೊರಗ ಹೋಗಿ, ಅವತ್ತ ಏನ ಅಂದಿದ್ರಿ ಅದರ ಉಲ್ಟಾ ಅಂದ ಬರ್ರಿ."

ಪರಶುರಾಮ ಡೆಕ್ಕಿನ ತಂತಿಯನ್ನು ಬೇರೆ ಮಾಡಿ ಬರಿ ಲೋಹಕ್ಕೆ ಬಿಗಿದು, ನಂದಿಗೆ ಪ್ರತ್ಯೇಕ ತಂತಿ ಎಳೆದು, ಆಂಪ್ ತಿರುಗಿ ಜೋಡಿಸಿದ. ತಂಬೂರಿ ತಂಬೂರಿಯ ಹಾಗೆ ಕೇಳಿತು. ಅಷ್ಟು ಹೊತ್ತಿಗೆ ಸ್ಟೇಶನ್ ರಸ್ತೆಯ ಅರ್ಧ ಜನ ಅಲ್ಲೇ ಇದ್ದರು. ಕರೆಯುವ ಶ್ರಮ ಬೀಳಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ನಿಂತು ಅರ್ಥಿಂಗ್ ಎಂದರೇನು, ಸಡಿಲ ಗಂಟು ಏನು ಮಾಡುತ್ತದೆ, ಆಂಪ್ಲಿಫೈಯರ್ ತಾನಾಗಿ ಯಾಕೆ ಕುಂಯ್‌ಗುಡಲಿಲ್ಲ, ಎಲ್ಲ ವಿವರಿಸಿದ್ದು ನೆನಪಿದೆ. ಟೆಂಪೊದವನೊಬ್ಬ, "ಅದೆಲ್ಲಾ ಇರ್ಲಿ ಸರ್, ಇವನ ಕಡೆ ಹಾಕಸಬೇಕೋ ಬ್ಯಾಡೋ?" ಎಂದು ನಡುವೆ ಬಾಯಿ ಹಾಕಿದ. "ಹಾಕಸ್ರಿ!" ಎಂದೆ. ಅವನು ಅಲ್ಲೇ ಟೆಂಪೊದ ಬಾಗಿಲು ತೆಗೆದ. ಪರಶುರಾಮ ಸ್ಕ್ರೂಡ್ರೈವರ್ ತೆಗೆದುಕೊಂಡು ಅತ್ತ ನಡೆದ.

ತಿರುಗಿ ಬರುವಾಗ ಶೈಲಾ ಕೇಳಿದಳು: "ಪರಶುರಾಮಣ್ಣಗ ತಪ್ಪಾತು ಅಂತ ಅಂದ್ರಿ ಏನ? ನಾ ಹಿಂದಿನ ಗಲ್ಲ್ಯಾಗ ಅವರ ಮನಿಯೊಳಗ ಅವನ ಹೆಂಡ್ತಿ ಕೂಡ ಚಾ ಕುಡ್ಯಾಕತ್ತಿದ್ದೆ, ಕೇಳಿಲ್ಲ."

"ಅಂದೆ" ಎಂದೆ. ದೇಸೂರು ದಾಟುವಷ್ಟರಲ್ಲಿ ಅನುಮಾನ ಬಂತು. ಅಂದೆನೆ? ಅನ್ನಬೇಕೆಂದುಕೊಂಡದ್ದು ನೆನಪಿತ್ತು. ಪರಶುರಾಮನನ್ನೇ ಕೇಳೋಣವೆಂದರೆ, ಅಂದಿರದಿದ್ದರೆ ಆಗ ಅನ್ನಬೇಕಾಗುತ್ತದೆ. ಮುಂದಿನ ಸಲ ಖಾನಾಪುರಕ್ಕೆ ಹೋದಾಗ ಅವನ ಅಂಗಡಿಯ ಎದುರಿನ ಬೇಕರಿಯಲ್ಲಿ ಟೋಸ್ಟು ಕಟ್ಟಿಸುವ ನೆಪ ಮಾಡಿ, ಮಾಲೀಕರನ್ನು ಮೆಲ್ಲಗೆ ವಿಚಾರಿಸಿದೆ.

"ಅಂದ್ರಲ್ರಿ ಸರ್" ಎಂದರು ಅವರು, ಪುಡಿಕೆಗೆ ದಾರ ಸುತ್ತುತ್ತ. "'ತಪ್ಪಾತು ಅನ್ನಾಕತ್ತೀನಲ್ಲೋ, ಕಿವಿ ಕೇಳಸ್ತಿಲ್ಲೇನ ಭಾಡ್ಯಾ' ಅಂತ ಎಷ್ಟ ಜೋರ ಒದರಿದ್ರಿ ಅಂದ್ರ, ಒಳಗ ಭಟ್ಟಿ ಮುಂದಿದ್ದವರೂ ಹೊರಗ ಬಂದ್ರು. ಮತ್ತ ಜಗಳ ಹತ್ತಿತಂತ ತಿಳಿದು ನಾನ ಅರ್ಧಾ ಶಟರ್ ಇಳಿಸಿದ್ದೆ."