ಸ್ಕಾಟ್ಲೆಂಡಿನ ಮುತ್ಯಾನಿಗೆ ಒಂದು ಎಡೆ

ಲೋಕದಲ್ಲಿ ಜನ ಇದ್ದ ಅಜ್ಜಂದಿರನ್ನೇ ಮರೆಯುತ್ತಾರೆ. ನಿಮ್ಮ ಸಣ್ಣಜ್ಜ ಮಾತ್ರ ಇಲ್ಲದ ಅಜ್ಜನೊಬ್ಬನನ್ನು ಹುಡುಕಿಕೊಂಡ, ಅದೂ ಸ್ಕಾಟ್ಲೆಂಡಿನಿಂದ! ಹತ್ತಿರದ ಕಲಬುರಗಿಯಲ್ಲಿ ಸಿಗುತ್ತಿರಲಿಲ್ಲವೇ?

ಸಣ್ಣಜ್ಜ ಎಂದರೆ ತೀರಿಹೋದ ನಿಮ್ಮ ಅಜ್ಜನ ತಮ್ಮ, ನನ್ನ ಮೈದುನ. ಹುಮನಾಬಾದಿನಲ್ಲಿ ನಮ್ಮ ಮನೆಯ ಮುಂದಿನ ಕಿರಾಣಿ ಅಂಗಡಿ ಅವನದೇ. ಮದುವೆಯಾಗಲಿಲ್ಲ. ಕಣ್ಣು ಬೂದುಬಣ್ಣ, ನಮ್ಮ ಮಾವನವರದೂ ಹಾಗೇ ಇತ್ತು. ಊರ ಹೊರಗೆ ಹೊಲದ ಬದುವಿನಲ್ಲಿ ಅರ್ಧ ಹೂತ ಒಂದು ಗೋರಿಕಲ್ಲಿದೆ. ಎಮ್ಮೆಗಳು ಅದಕ್ಕೆ ಮೈ ತಿಕ್ಕಿಕೊಳ್ಳುತ್ತವೆ. ಹೈಸ್ಕೂಲಿನ ಇಂಗ್ಲಿಷ್ ಮಾಸ್ತರರು ಒಮ್ಮೆ ಅದನ್ನು ಓದಿ, ನಿಜಾಮರ ಕಾಲದಲ್ಲಿ ಸಡಕು ಹಾಕಿಸಲು ಸ್ಕಾಟ್ಲೆಂಡಿನಿಂದ ಬಂದವನೊಬ್ಬ ಇಲ್ಲಿ ಮಲಗಿದ್ದಾನೆ ಎಂದರು. ಮುಗಿಯಿತು! ಹೊಲದಲ್ಲಿ ಸಾಹೇಬ, ಮುಖದಲ್ಲಿ ಬೂದುಗಣ್ಣು. ಇನ್ನೇನು ಸಬೂತು ಬೇಕು?

"ವೈನಿ, ಅಂವ ನಮ್ಮ ಮುತ್ಯಾನ ಮುತ್ಯಾ ಇದ್ದಾನ್ರಿ."

"ಹೌದೇನು? ಹಂಗಾದ್ರ ನಮ್ಮ ಬೆಕ್ಕೂ ನಿಮ್ಮ ಖಾಂದಾನದ್ದೇ. ಅದರ ಕಣ್ಣೂ ಹಂಗೇ ಅವ."

ನಾಲ್ಕು ಜನರೆದುರು ನನಗೆ ಮಾತು ಬರುವುದಿಲ್ಲ. ಅಡುಗೆಮನೆಯಲ್ಲಿ, ಇವನೊಬ್ಬನ ಎದುರು, ಚೆನ್ನಾಗಿ ಬರುತ್ತದೆ.

ಆಮೇಲೆ ಅವನಿಗೆ ಯಾರೋ ಹೇಳಿದರು, ಆ ದೇಶದ ಗಂಡಸರು ಚೌಕಳಿ ಲಂಗ ಉಡುತ್ತಾರಂತೆ. ಮರುದಿನವೇ ಧೋತರ ಹೋಯಿತು, ಚೌಕಳಿ ಲುಂಗಿ ಬಂತು, ಮೊಣಕಾಲಿನ ಮೇಲಕ್ಕೆ! ಆ ಲೆಕ್ಕದಲ್ಲಿ ನಮ್ಮ ಸಂತೆಯ ಅರ್ಧ ಜನ ಸ್ಕಾಟ್ಲೆಂಡಿನವರೇ ಅಲ್ಲವೇ?

ಸಾಹೇಬನ ಸಡಕು ಬಸವಕಲ್ಯಾಣದ ಕಡೆ ಹೋಗಿತ್ತಂತೆ. ಆದ್ದರಿಂದ ಮಿಕ್ಕ ಬಳಗ ಬಸವಕಲ್ಯಾಣದಲ್ಲೇ ಇರಬೇಕಂತೆ. ಅಂಗಡಿಗೆ ಬೀಗ ಜಡಿದು ಬಸ್ಸು ಹತ್ತಿದ. ಅಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಉಳ್ಳಾಗಡ್ಡಿ ಚೀಲದ ಮೇಲೆ ಕೂತ ಮುದುಕನೊಬ್ಬನ ಕಣ್ಣು ಬೂದುಬಣ್ಣಕ್ಕಿತ್ತು. ಹೋಗಿ ತಬ್ಬಿಕೊಂಡೇಬಿಟ್ಟ!

"ಅಣ್ಣಾ, ನಿನ್ನ ಕಣ್ಣು ಯಾರಿಂದ ಬಂದಾವು?"

"ಬಿಡೋ ಮಾರಾಯಾ! ಪೊರಿ ಬಂದದ. ನಾಳೆ ಬೀದರ್‌ದಾಗ ಆಪರೇಷನ್ ಅದ."

ಇದನ್ನು ಅವನೇ ಮನೆಗೆ ಬಂದು ಹೇಳಿದ. ಮುಚ್ಚಿಡುವಷ್ಟು ಬುದ್ಧಿಯೂ ಬೇಡವೇ?

ಇಷ್ಟೆಲ್ಲ ನಾನು ಸಹಿಸಿದೆ. ಸಹಿಸದ್ದು ಎಡೆಯ ವಿಷಯ. ಹಿರಿಯರ ಅಮಾವಾಸ್ಯೆಗೆ ನಮ್ಮಲ್ಲಿ ತೀರಿಹೋದವರಿಗೆಲ್ಲ ಸಾಲಾಗಿ ಎಡೆ ಇಟ್ಟು, ಅವರವರಿಗೆ ಇಷ್ಟವಾದದ್ದನ್ನು ಬಡಿಸುವುದುಂಟು. ಅತ್ತೆಯವರಿಗೆ ಕಡಬು, ನಿಮ್ಮ ಅಜ್ಜನಿಗೆ ಮೆಣಸಿನಕಾಯಿ ಭಜಿ. ಆ ಸಾಲಿನಲ್ಲಿ ಸಾಹೇಬನಿಗೂ ಒಂದು ಎಡೆ ಬೇಕೆಂದು ಪ್ರತಿ ವರ್ಷ ಇವನ ಹಟ. ಎಡೆ ಇಡುವವಳು ನಾನು, ಒಲ್ಲೆ ಎನ್ನುವವಳೂ ನಾನೇ.

"ಇಡ್ರಿ ವೈನಿ, ಒಂದೇ ಎಡಿ."

"ಏನ್ ಬಡಸಲಿ? ಕೋಳಿನೋ, ಬ್ರಾಂಡಿನೋ? ನಿಮ್ಮವ್ವ ಆ ಸಾಲಿನಿಂದ ಎದ್ದ್ ಹೋಗ್ತಾಳ, ನೋಡು!"

ಈ ಸಲದ ಅಮಾವಾಸ್ಯೆಯ ಮುಂಜಾನೆ ಸಣ್ಣಜ್ಜ ಸಲಿಕೆ ಹೊತ್ತು ಹೋದ. ಕಲ್ಲನ್ನು ಬುಡದವರೆಗೆ ಬಿಡಿಸಿ ತೊಳೆಯುತ್ತಾನಂತೆ. ಮಾಸ್ತರರನ್ನೂ ಎಳೆದೊಯ್ದ. ಮಣ್ಣಿನಡಿಯ ಸಾಲುಗಳನ್ನು ಯಾರೂ ಓದಿರಲಿಲ್ಲ. ನಾನು ಹೋಳಿಗೆ ಲಟ್ಟಿಸುತ್ತಿದ್ದಾಗ ಬಂದು ಬಾಗಿಲಲ್ಲಿ ನಿಂತ.

"ಹತ್ತೊಂಬತ್ತು ವರ್ಷದ ಹುಡುಗ್ರಿ ವೈನಿ. ಮದುವಿ ಆಗಿಲ್ಲ. ಈ ದೇಶದಾಗ ತನ್ನವರು ಯಾರೂ ಇಲ್ಲಂತ ಸಂಗಡದವರೇ ಕಲ್ಲ ನಿಲ್ಲಿಸ್ಯಾರಂತ."

ನಾನು ನಕ್ಕೆ ನೋಡಿ! ಕಣ್ಣಲ್ಲಿ ನೀರು ಬರುವಂತೆ ನಕ್ಕೆ.

"ಮುತ್ಯಾನ ಮುತ್ಯಾ ಮೀಸಿ ಬಲಿಯೂಕಿಂತ ಮೊದಲೇ ಹೋದನೇನು! ಛಲೋ ಆತು. ಇನ್ನ ಎಡಿ ಚಿಂತಿ ಬಿಡು."

"ಇಲ್ರಿ ವೈನಿ," ಎಂದ. "ಈಗೇ ಖರೆ ಬೇಕಾಗ್ಯದ. ಮೊಮ್ಮಕ್ಕಳಿದ್ದಿದ್ರ ಯಾರರ ಇಡ್ತಿದ್ರು. ಹಿಂದ ಯಾರೂ ಇಲ್ಲದಾಂವಗ ಯಾರ ಇಡ್ತಾರ್ರಿ?"

ಕೈಯಲ್ಲಿದ್ದ ಲಟ್ಟಣಿಗೆ ಹಾಗೇ ನಿಂತಿತು. ಅವನು ನನ್ನ ಮುಖ ನೋಡಲಿಲ್ಲ; ಗೋಡೆಯ ಬುಡದಲ್ಲಿ ನಾನು ಜೋಡಿಸಿಟ್ಟ ಎಲೆಗಳ ಸಾಲನ್ನು ನೋಡುತ್ತಿದ್ದ.

ನಿಮ್ಮ ಅಜ್ಜನ ಎಲೆಯನ್ನು ಸ್ವಲ್ಪ ಸರಿಸಿ ಪಕ್ಕದಲ್ಲಿ ಇನ್ನೊಂದು ಹಾಕಿದೆ. ಆ ಹುಡುಗನಿಗೆ ಏನು ಇಷ್ಟವೋ ಯಾರಿಗೆ ಗೊತ್ತು? ಎಲ್ಲವನ್ನೂ ಎರಡೆರಡು ಸಲ ಬಡಿಸಿದೆ. ಹಿರಿಯರು ಉಣ್ಣಲೆಂದು ವಾಡಿಕೆಯಂತೆ ಬಾಗಿಲು ಮುಂದೆ ಮಾಡಿ ಅಂಗಳದಲ್ಲಿ ನಿಂತೆವು.

"ಖಾರ ತಿಂತಾನೋ ಇಲ್ಲೋ?" ಎಂದು ಮೆಲ್ಲಗೆ ಕೇಳಿದ.

"ಬೆಲ್ಲ ಇಟ್ಟೀನಿ. ಸುಮ್ಮ ನಿಂದರು, ಉಣ್ಣಲಿ."

ಮಕ್ಕಳೇ, ನಿಮ್ಮ ಸಣ್ಣಜ್ಜನಿಗೆ ಹೋಳಿಗೆಯ ಮೇಲೆ ತುಪ್ಪ ಸೇರುವುದಿಲ್ಲ. ಹಾಲು ಹಾಕಬೇಕು, ಬಿಸಿಯದು. ಪಕ್ಕದಲ್ಲಿ ಪುಂಡಿಪಲ್ಯ ಇರಲೇಬೇಕು. ನಾನು ಇರಲಿ ಬಿಡಲಿ, ಇದನ್ನು ನೆನಪಿಟ್ಟುಕೊಳ್ಳಿ.